ತಾನು ಹಾಡದ ವಾದ್ಯ

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಶಾಲೆಗೆ ಎರಡು ಗೇಣುದ್ದದ ಒಂದು ವಾದ್ಯವನ್ನು ತಂದುಕೊಟ್ಟನು. ನೋಡುವುದಕ್ಕೆ ಹಾರ್ಮೋನಿಯಂನಂತೆ ಬಿಳಿ ಕರಿ ಮನೆಗಳು. ಆದರೆ ತಿದಿಯಿಲ್ಲ, ಒಳಗೆ ನಾಲಗೆಗಳಿಲ್ಲ, ಒತ್ತಿದರೆ ಸದ್ದೂ ಇಲ್ಲ. ಕಂಪ್ಯೂಟರಿಗೆ ಯು.ಎಸ್.ಬಿ. ತಂತಿಯಿಂದ ಜೋಡಿಸಿ ನುಡಿಸಬೇಕಾದದ್ದು ಅದು. ಜೊತೆಗೆ ಬಂದಿದ್ದ ಸಿ.ಡಿ. ನಮ್ಮ ಶಾಲೆಯ ಲಿನಕ್ಸ್ ವ್ಯವಸ್ಥೆಗೆ ಒಗ್ಗಲಿಲ್ಲ. ರಿಪೇರಿಯವರು, "ಇದಕ್ಕೆ ಡ್ರೈವರ್ ಬರುವುದು ನಿಂತುಹೋಗಿದೆ, ಎಸೆದುಬಿಡಿ ಮೇಷ್ಟ್ರೇ" ಎಂದರು. ಎಸೆಯಗೊಡದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಅವಳ ಹಟದಿಂದಾಗಿ ನಾನೂ ಈ ವಿಷಯದ ಪೂರ್ವಕಥೆಯನ್ನು ಓದಬೇಕಾಯಿತು.

೧೯೮೦ರ ಸುಮಾರಿಗೆ ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ಸಿಂಥಸೈಜರುಗಳು ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ತಯಾರಾಗುತ್ತಿದ್ದವು. ಆದರೆ ಒಬ್ಬರ ವಾದ್ಯದ ಮಾತು ಇನ್ನೊಬ್ಬರ ವಾದ್ಯಕ್ಕೆ ತಿಳಿಯದು. ಜಪಾನಿನ ರೋಲೆಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ, ಕ್ಯಾಲಿಫೋರ್ನಿಯದ ಸೀಕ್ವೆನ್ಷಿಯಲ್ ಸರ್ಕ್ಯುಟ್ಸ್‌ನ ಡೇವ್ ಸ್ಮಿತ್, ಈ ಇಬ್ಬರೂ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳು. ಆದರೂ ಎಲ್ಲ ವಾದ್ಯಗಳಿಗೂ ಒಂದೇ ಭಾಷೆ ಬೇಕೆಂದು ಒಪ್ಪಿದರು. ೧೯೮೧ರಲ್ಲಿ ಸ್ಮಿತ್ ಅದರ ಮೊದಲ ರೂಪವನ್ನು ಮಂಡಿಸಿದನು. ೧೯೮೩ರ ಜನವರಿಯಲ್ಲಿ, ಕ್ಯಾಲಿಫೋರ್ನಿಯದ ವಾದ್ಯಪ್ರದರ್ಶನವೊಂದರಲ್ಲಿ, ಸೀಕ್ವೆನ್ಷಿಯಲ್‌ನ ಪ್ರಾಫೆಟ್-೬೦೦ ಮತ್ತು ರೋಲೆಂಡಿನ ಜೂಪಿಟರ್-೬ ಎಂಬ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿದರು. ಒಂದನ್ನು ಬಾರಿಸಿದರೆ ಇನ್ನೊಂದೂ ನುಡಿಯಿತು! ಆ ಭಾಷೆಯ ಹೆಸರೇ ಮಿಡಿ. ಅದನ್ನು ಬಳಸುವವರಿಂದ ಕಾಸೊಂದನ್ನೂ ಕೇಳಲಿಲ್ಲವೆಂಬುದು ಅವರ ದೊಡ್ಡತನ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಿಡಿ ತಂತಿಯಲ್ಲಿ ಹರಿಯುವುದು ನಾದವಲ್ಲ, ಒಂದು ಬಗೆಯ ಸ್ವರಲಿಪಿ. ಯಾವ ಮನೆಯನ್ನು ಒತ್ತಿತು, ಎಷ್ಟು ಬಲವಾಗಿ ಒತ್ತಿತು, ಯಾವಾಗ ಬಿಟ್ಟಿತು ಎಂಬಿಷ್ಟನ್ನು ೦ಯಿಂದ ೧೨೭ರವರೆಗಿನ ಅಂಕಿಗಳಲ್ಲಿ ಹೇಳುತ್ತದೆ. ನಡುವಣ 'ಸಿ' ಸ್ವರದ ಅಂಕಿ ೬೦. (ನಮ್ಮ ಗಮಕಗಳು ಈ ಮನೆಗಳ ನಡುವೆ ಓಡಾಡುವಂಥವು. ಸ್ವರವನ್ನು ಬಾಗಿಸಲು ೧೬,೩೮೪ ಮೆಟ್ಟಿಲುಗಳ ಬೇರೊಂದು ಸಂದೇಶವಿದೆಯಾದರೂ ವೀಣೆಯ ಬೆರಳಿಗೆ ಅದು ಸಾಟಿಯೆಂದು ನನಗೆ ತೋರದು.)

೧೯೯೬ರಲ್ಲಿ ಯು.ಎಸ್.ಬಿ. ಬಂದಿತು. ಅದರಲ್ಲಿ ಮಿಡಿ ಸಂದೇಶಗಳು ಹೇಗೆ ಸಾಗಬೇಕೆಂಬ ನಿಯಮ ೧೯೯೯ರಲ್ಲಿ ಸಿದ್ಧವಾಯಿತು. ನಿಯಮದಂತೆ ನಡೆಯುವ ವಾದ್ಯಕ್ಕೆ ತಯಾರಕರ ಸಿ.ಡಿ. ಬೇಕಿಲ್ಲ, ಸಾಮಾನ್ಯವಾದ ಒಂದೇ ಡ್ರೈವರ್ ಎಲ್ಲವಕ್ಕೂ ಸಾಕು.

ಅತ್ತ ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಬೆಳೆಯುತ್ತಿತ್ತು. ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ ತನ್ನ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗೆ ಒಳ್ಳೆಯ ಡ್ರೈವರ್ ಬೇಕೆಂದು ಹೊರಟು, ಕೊನೆಗೆ ಲಿನಕ್ಸಿನ ಧ್ವನಿವಿಭಾಗವನ್ನೇ ಹೊಸದಾಗಿ ಕಟ್ಟತೊಡಗಿದನು. ಆಲ್ಸಾ ಎಂಬ ಆ ವ್ಯವಸ್ಥೆ ೨೦೦೩ರ ಡಿಸೆಂಬರಿನ ೨.೬ ಆವೃತ್ತಿಯಲ್ಲಿ ಮುಖ್ಯಸ್ಥಾನಕ್ಕೆ ಬಂದಿತು. ಯು.ಎಸ್.ಬಿ. ಮಿಡಿಯ ಭಾಗವನ್ನು ಬರೆದವನು ಕ್ಲೆಮೆನ್ಸ್ ಲಾಡಿಷ್.

ವ್ಯಾಕರಣ ಓದಿದವನಾದ ನನಗೆ ಇಲ್ಲಿ ಬಹಳ ಹಿಡಿಸಿದ ಸಂಗತಿಯೊಂದಿದೆ. ವ್ಯಾಕರಣದಲ್ಲಿ ಉತ್ಸರ್ಗವೆಂಬ ಸಾಮಾನ್ಯ ವಿಧಿ, ಅದಕ್ಕೆ ಒಳಪಡದವಕ್ಕೆ ಅಪವಾದ. ಲಿನಕ್ಸಿನ ಈ ಡ್ರೈವರಿನಲ್ಲಿಯೂ ಹಾಗೆಯೇ. ಎಲ್ಲ ವಾದ್ಯಗಳೂ ೧೯೯೯ರ ನಿಯಮಕ್ಕೆ ತಲೆಬಾಗಲಿಲ್ಲ. ದೊಡ್ಡ ಸಂಸ್ಥೆಗಳವೂ ಎಷ್ಟೋ ತಮ್ಮದೇ ರೀತಿಯಲ್ಲಿ ನಡೆದವು. ಅಂಥವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಇದರ ಚಾಳಿ ಇಂಥದು ಎಂದು ಒಂದು ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ. ಯು.ಎಸ್.ಬಿ. ವಾದ್ಯವು ಸೇರಿಕೊಂಡೊಡನೆ ತಯಾರಕನದೊಂದು, ತನ್ನದೊಂದು ಸಂಖ್ಯೆಯನ್ನು ಹೇಳುತ್ತದೆ. ಆ ಜೋಡಿ ಪಟ್ಟಿಯಲ್ಲಿದ್ದರೆ ಅಪವಾದ, ಇಲ್ಲದಿದ್ದರೆ ಸಾಮಾನ್ಯ ವಿಧಿ. ತಯಾರಕರು ಕೈಬಿಟ್ಟ ವಾದ್ಯವೂ ಆ ಪಟ್ಟಿಯ ಒಂದು ಸಾಲಿನಿಂದ ಬದುಕಿರಬಲ್ಲದು. ನಮ್ಮ ವಾದ್ಯದ ಸಂಖ್ಯೆಗಳೂ ಅದರಲ್ಲಿದ್ದವು. ಹುಡುಗಿ ಬೆರಳಿಟ್ಟು ತೋರಿಸಿದಳು.

ಅಷ್ಟಾದರೂ ವಾದ್ಯ ನುಡಿಯಲಿಲ್ಲ. ಅವಳು 'ಎ-ಸೆಕ್-ಡಂಪ್' ಎಂಬ ಆಜ್ಞೆಯನ್ನು ಕೊಟ್ಟು ಮನೆಗಳನ್ನು ಒತ್ತಿದಳು. ತೆರೆಯ ಮೇಲೆ ೬೦, ೬೨, ೬೪ ಎಂದು ಅಂಕಿಗಳು ಮೂಡಿದವು. "ಇದು ಹೇಳುತ್ತಾ ಇದೆ ಸಾರ್, ಕೇಳೋರು ಯಾರೂ ಇಲ್ಲ" ಎಂದಳು. ನಾದವನ್ನು ಹುಟ್ಟಿಸುವ ಫ್ಲೂಯಿಡ್‌ಸಿಂತ್ ಎಂಬ ತಂತ್ರಾಂಶವನ್ನು ತೆರೆದು, 'ಎ-ಕನೆಕ್ಟ್' ಎಂಬ ಆಜ್ಞೆಯಿಂದ ವಾದ್ಯದ ಅಂಕಿಯನ್ನೂ ತಂತ್ರಾಂಶದ ಅಂಕಿಯನ್ನೂ ಜೋಡಿಸಿದಳು. ಕೊಠಡಿಯಲ್ಲಿ ಷಡ್ಜ ಕೇಳಿಸಿತು.

ಈ ಜೋಡಣೆ ತಂತಿ ಕಿತ್ತರೆ ಅಳಿದುಹೋಗುತ್ತದೆ. ಅದನ್ನು ತಾನಾಗಿಯೇ ಆಗುವಂತೆ ಬರೆದಿಡುವ ಉಪಾಯವೂ ಉಂಟಂತೆ. ಅವಳು ಇನ್ನೂ ಬರೆದಿಲ್ಲ. ಬೆಳಗಿನ ಪ್ರಾರ್ಥನೆಗೆ ಐದು ನಿಮಿಷ ಮೊದಲೇ ಬಂದು, ಎರಡು ಅಂಕಿಗಳನ್ನು ನೋಡಿಕೊಂಡು ಆ ಸಾಲನ್ನು ಮತ್ತೆ ಬರೆಯುತ್ತಾಳೆ.