ಮಾಲಂಗಿ ಮಡುವಿನ ಪ್ರಕರಣ



ಬೇಸಗೆಯ ರಜೆಗೆಂದು ಬಂದಿದ್ದ ಮೊಮ್ಮಗ ಒಂದು ಮಧ್ಯಾಹ್ನ ತಾನು ಓದುತ್ತಿದ್ದ ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟು, "ತಾತ, ನಮ್ಮೂರಲ್ಲಿ ಯಾವತ್ತಾದರೂ ಕೊಲೆ ಆಗಿತ್ತಾ?" ಎಂದು ಕೇಳಿದ. ಅವನು ಓದುತ್ತಿದ್ದದ್ದು ಮಕ್ಕಳ ಪತ್ತೇದಾರಿ ಕಥೆ. ಒಂದು ಬೀದಿ, ಆ ಬೀದಿಯ ಕೊನೆಯ ಮನೆಯಲ್ಲಿ ಒಂದು ಸಾವು, ಬೀದಿಯ ಹುಡುಗರೇ ಪತ್ತೇದಾರರು. ಪುಸ್ತಕದಲ್ಲಿರುವುದು ತನ್ನ ಬೀದಿಯಲ್ಲೂ ನಡೆದಿರಬಾರದೇ ಎಂಬ ಆಸೆ ಆ ವಯಸ್ಸಿಗೆ ಸಹಜ. ನಮ್ಮೂರು ತಲಕಾಡು. ಇಲ್ಲವೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಆದರೆ ನನ್ನ ಬಾಯಿಂದ ಬಂದ ಮಾತೇ ಬೇರೆ. "ಒಂದು ಸಾವು ಆಗಿತ್ತು. ನಾನೂರು ವರ್ಷವಾದರೂ ಅದರ ವಿಚಾರಣೆ ಮುಗಿದಿಲ್ಲ" ಎಂದೆ. ಅಂದು ಸಂಜೆಯವರೆಗೆ ಅವನಿಗೂ ನನಗೂ ನಡೆದ ಮಾತುಕತೆಯ ಸಾರವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಅದಕ್ಕೆ ಮೊದಲು ಪತ್ತೇದಾರಿ ಸಾಹಿತ್ಯದ ಋಣವನ್ನು ಒಂದಿಷ್ಟು ತೀರಿಸಬೇಕು. ನಮ್ಮ ಬಾಲ್ಯದಲ್ಲಿ ಇಂಥ ಪುಸ್ತಕಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಬೇಕಾಗಿತ್ತು. ಎನ್. ನರಸಿಂಹಯ್ಯನವರು 1952ರಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ'ದೊಂದಿಗೆ ಆರಂಭಿಸಿ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಸ್ವತಃ ನಾಲ್ಕನೆಯ ತರಗತಿಯಷ್ಟೇ ಓದಿದ್ದ ಅವರು ನಾಡಿನ ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದರು. ನಮ್ಮ ನೆರೆಯ ನಂಜನಗೂಡಿನಲ್ಲಿ 1918ರಲ್ಲಿ ಜನಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡದ ಅರಿಸಿನ-ಕುಂಕುಮ ಬಣ್ಣದ ಬಾವುಟವನ್ನು ರೂಪಿಸಿದವರು ಇವರೆಂಬುದು ಬಹುಮಂದಿಗೆ ಗೊತ್ತು. ರೋಚಕ ಕಾದಂಬರಿಗಳನ್ನು ಬರೆದು ಬದುಕಿದವರೆಂಬುದು ಅಷ್ಟಾಗಿ ಗೊತ್ತಿಲ್ಲ. ಮುಂದೆ ನಾನು ಕನ್ನಡ ಎಂ.ಎ. ತರಗತಿಗೆ ಸೇರಿದಾಗ ಈ ಇಬ್ಬರ ಹೆಸರನ್ನೂ ಎತ್ತುವಂತಿರಲಿಲ್ಲ. ನಾನು ಅಧ್ಯಾಪಕನಾದ ಮೇಲೆ ನಾನೂ ಎತ್ತಲಿಲ್ಲ. ಅದು ನನ್ನ ತಪ್ಪು.

ಬೇರೆ ನಾಡುಗಳಲ್ಲಿ ಇಷ್ಟು ಮಡಿವಂತಿಕೆ ಇದ್ದಂತೆ ಕಾಣುವುದಿಲ್ಲ. ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಎಮಿಲ್ ಎಂಬ ಹುಡುಗನನ್ನೂ ಅವನ ಗೆಳೆಯರನ್ನೂ ಪತ್ತೇದಾರರನ್ನಾಗಿ ಮಾಡಿದ. ಬಂಗಾಳದಲ್ಲಿ ಸತ್ಯಜಿತ್ ರಾಯ್ 1965ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿಯೇ ಫೆಲೂದಾನನ್ನು ಸೃಷ್ಟಿಸಿದರು. ಇಂಥ ಕಥೆಗಳು ಎಳೆಯರಿಗೆ ಕೊಡುವುದು ಬರಿಯ ರೋಮಾಂಚನವಲ್ಲ. ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನೂ ಕೊಡುತ್ತವೆ. ಕಂಡವರು ಯಾರು? ಯಾವುದು ಮೊದಲು, ಯಾವುದು ಆಮೇಲೆ? ಲಾಭವಾದದ್ದು ಯಾರಿಗೆ? ಇತಿಹಾಸಕಾರನ ಚೀಲದಲ್ಲಿರುವ ಸಲಕರಣೆಗಳೂ ಮುಖ್ಯವಾಗಿ ಇವೇ ಅಲ್ಲವೆ? ನಮ್ಮೂರಿನ ಪ್ರಕರಣಕ್ಕೆ ಈ ಮೂರನ್ನೂ ಹಚ್ಚಿ ನೋಡೋಣವೆಂದು ಮೊಮ್ಮಗನಿಗೆ ಹೇಳಿದೆ.

ಪ್ರಕರಣ ಹೀಗಿದೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನು ತಿರುಮಲರಾಯ. ಅವನ ಮಡದಿ ಅಲಮೇಲಮ್ಮ ತನ್ನ ಒಡವೆಗಳೊಡನೆ ತಲಕಾಡಿನ ಕಡೆಗೆ ಬಂದಳು. ಆ ಒಡವೆಗಳು ಮಂಗಳವಾರ, ಶುಕ್ರವಾರಗಳಂದು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಅಲಂಕಾರವಾಗಿ ಸಲ್ಲುತ್ತಿದ್ದವಂತೆ. ಅವನ್ನು ಕೇಳಲು ಅರಮನೆಯಿಂದ ಜನ ಬಂದಾಗ ಮುತ್ತಿನ ಮೂಗುತಿಯನ್ನಷ್ಟೇ ಕೊಟ್ಟು ಉಳಿದವನ್ನು ಕೊಡಲೊಪ್ಪಲಿಲ್ಲ. ಸೈನಿಕರು ಬೆನ್ನಟ್ಟಿದರು. ಒಡವೆಯ ಗಂಟನ್ನು ಉಡಿಯಲ್ಲಿ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ಕೊಟ್ಟ ಮೂರು ಶಾಪಗಳನ್ನು ಮೈಸೂರು ಸೀಮೆಯ ಮಕ್ಕಳೆಲ್ಲ ಬಲ್ಲರು. ತಲಕಾಡು ಮರಳಿನಡಿ ಹೂತುಹೋಗಲಿ ಎಂಬುದು ಒಂದು. ಮಾಲಂಗಿ ಆಳದ ಮಡುವಾಗಲಿ ಎಂಬುದು ಇನ್ನೊಂದು. ಮೈಸೂರಿನ ಅರಸರಿಗೆ ಸಂತಾನವಾಗದಿರಲಿ ಎಂಬುದು ಮತ್ತೊಂದು.

ಮೊದಲ ಪ್ರಶ್ನೆ: ಕಂಡವರು ಯಾರು? ಸಾಕ್ಷಿಗಳ ಹೇಳಿಕೆ ಒಂದೇ ತೆರನಾಗಿಲ್ಲ. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿರುವ ಕಥೆಯಲ್ಲಿ ನೀರಿಗೆ ಬಿದ್ದ ರಾಣಿಯ ಹೆಸರು ರಂಗಮ್ಮ. ಗಂಡನಿಗೆ ತಿರುಮಲರಾಜನೆಂದೂ ಶ್ರೀರಂಗರಾಯನೆಂದೂ ಎರಡು ಹೆಸರು. ವಾಸಿಯಾಗದ ರೋಗಕ್ಕೆ ಗುರಿಯಾಗಿ ಅವನು ವೈದ್ಯೇಶ್ವರನ ಸೇವೆಗೆಂದು ತಲಕಾಡಿಗೆ ಬಂದಿದ್ದ. ಅವನು ಸಾಯುವ ಸ್ಥಿತಿಯಲ್ಲಿರುವನೆಂದು ಕೇಳಿ, ಪಟ್ಟಣವನ್ನು ರಾಜ ಒಡೆಯರಿಗೆ ಒಪ್ಪಿಸಿ ಅವಳೂ ಹೊರಟುಬಂದಳು. ಒಂದು ಕಥೆಯಲ್ಲಿ ಪಟ್ಟಣವನ್ನು ಗೆದ್ದುಕೊಂಡದ್ದು, ಇನ್ನೊಂದರಲ್ಲಿ ಕೈಯಾರೆ ಒಪ್ಪಿಸಿದ್ದು. ಪತ್ತೇದಾರ ಪುರುಷೋತ್ತಮ ಇಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ. ಮೊಮ್ಮಗನೂ ನಿಂತ. "ತಾತ, ಅಟ್ಟಿಸಿಕೊಂಡು ಬಂದವರನ್ನು ಬಿಟ್ಟರೆ ಅಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ? ಹಾಗಾದರೆ ಶಾಪ ಕೇಳಿಸಿಕೊಂಡು ಬಂದು ಹೇಳಿದವರು ಯಾರು?" ಎಂದ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಹೊಳೆಯದ ಪ್ರಶ್ನೆ ಅದು. ಹೆಸರುಗಳು ಬದಲಾದರೂ, ದಾರಿಗಳು ಬೇರೆಯಾದರೂ ಎರಡು ಕಥೆಗಳಲ್ಲಿಯೂ ಬದಲಾಗದೆ ಉಳಿದದ್ದು ಮೂರು: ಒಡವೆ, ಬೆನ್ನಟ್ಟಿದ ಸೈನ್ಯ, ಹೊಳೆಯಲ್ಲಿ ಮುಳುಗಿದ ಹೆಣ್ಣು. ಇದನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಎರಡನೆಯ ಪ್ರಶ್ನೆ: ಯಾವುದು ಮೊದಲು, ಯಾವುದು ಆಮೇಲೆ? ಇಲ್ಲಿ ತಲಕಾಡಿನ ಮರಳನ್ನೇ ವಿಚಾರಿಸಬೇಕು. ಈ ಊರು ಗಂಗರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರ ಕೈಗೆ ಸಿಕ್ಕು ರಾಜರಾಜಪುರವೆನಿಸಿತು. ಚೋಳರಿಂದ ಅದನ್ನು ಕಿತ್ತುಕೊಂಡ ಹೊಯ್ಸಳ ವಿಷ್ಣುವರ್ಧನ 'ತಲಕಾಡುಗೊಂಡ' ಎಂಬ ಬಿರುದು ಧರಿಸಿ, 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ. ಇಷ್ಟೆಲ್ಲ ವೈಭವದ ನಗರ ಮರಳಿನ ದಿಬ್ಬಗಳ ಕೆಳಗೆ ಸೇರಿಹೋಯಿತು. ಇಂದಿಗೂ ಪಾತಾಳೇಶ್ವರನಿಗೋ ಮರುಳೇಶ್ವರನಿಗೋ ಕೈಮುಗಿಯಬೇಕಾದರೆ ಮರಳಿನ ನಡುವೆ ಮೆಟ್ಟಿಲಿಳಿದೇ ಹೋಗಬೇಕು.

ಈ ಮರಳು ಒಂದು ರಾತ್ರಿಯಲ್ಲಿ ಬಂದುದೇ? ಅಲ್ಲ. ಮರಳಿನ ದಿಬ್ಬಗಳು ವರ್ಷಕ್ಕೆ 9-10 ಅಡಿಯಂತೆ, ಅದೂ ಮುಖ್ಯವಾಗಿ ನೈರುತ್ಯ ಮುಂಗಾರಿನ ಗಾಳಿಯ ಕಾಲದಲ್ಲಿ, ಊರಿನತ್ತ ಸರಿಯುತ್ತಿದ್ದುವೆಂದು ರೈಸ್ ಬರೆದಿದ್ದಾರೆ. ಜನ ಹಳೆಯ ಮನೆ ಬಿಟ್ಟು ಹಿಂದೆ ಹಿಂದೆ ಸರಿದು ಹೊಸ ಮನೆ ಕಟ್ಟಿಕೊಳ್ಳುತ್ತಿದ್ದರು. ಶಾಪಕ್ಕೆ ಮುಂಗಾರಿನ ಹಂಗೇಕೆ? ವರ್ಷಕ್ಕೆ ಹತ್ತಡಿಯ ಲೆಕ್ಕವೇಕೆ? ಗಾಳಿಗೆ ಆ ಲೆಕ್ಕ ಉಂಟು. ಇಲ್ಲಿ ಕಾವೇರಿ ಬಳಸಿಕೊಂಡು ತಿರುಗುತ್ತಾಳೆ. ಹೊಳೆ ತಿರುಗುವೆಡೆ ಒಳಬದಿಯ ದಡದಲ್ಲಿ ಮರಳು ಕೂಡುತ್ತದೆ, ಹೊರಬದಿಯ ದಡ ಕೊರೆದು ನೀರು ಆಳವಾಗುತ್ತದೆ. ಇದು ಹೊಳೆಯ ದಂಡೆಯಲ್ಲಿ ಬೆಳೆದ ಹುಡುಗರೆಲ್ಲ ಬಲ್ಲ ಸಂಗತಿ. ಮರಳೂ ಮಡುವೂ ಎರಡು ಶಾಪಗಳಲ್ಲ, ಒಂದೇ ಹೊಳೆಯ ಎರಡು ಕೈಗಳ ಕೆಲಸ.

ಇನ್ನು ಈ ಮರಳು ಊರಿನ ಮೇಲೆ ನುಗ್ಗುವಷ್ಟು ಕೂಡಿದ್ದು ಹೇಗೆ? ಇದಕ್ಕೆ ವಿದ್ವಾಂಸರು ತೋರಿಸುವ ಮುಖ್ಯ ಸುಳಿವು ಒಂದು ಅಣೆಕಟ್ಟು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಅಧಿಕಾರಿ ಮಾಧವಮಂತ್ರಿ ತಲಕಾಡಿನ ಸಮೀಪ ಕಾವೇರಿಗೆ ಅಣೆ ಕಟ್ಟಿಸಿದ. ಅವನ ಹೆಸರು ಇಂದಿಗೂ ಅದಕ್ಕೆ ಅಂಟಿಕೊಂಡಿದೆ. ನೀರು ಗದ್ದೆಗಳಿಗೆ ತಿರುಗಿತು, ಹೊಳೆಯ ಪಾತ್ರದಲ್ಲಿ ಮರಳು ಬಯಲಾಯಿತು, ಬಯಲಾದ ಒಣ ಮರಳನ್ನು ನೈರುತ್ಯದ ಗಾಳಿ ಎತ್ತಿ ಊರಿನ ಮೇಲೆ ಸುರಿಯಿತು. ಕೃಷಿ ವಿಜ್ಞಾನಿಗಳೂ ರೋಚಕ ಕಾದಂಬರಿಗಳ ಲೇಖಕರೂ ಆದ ಕೆ. ಎನ್. ಗಣೇಶಯ್ಯನವರು ತಲಕಾಡಿನ ಶಾಪವನ್ನು ಮನುಷ್ಯ ತಂದುಕೊಂಡ ಪರಿಸರದ ದುರಂತವೆಂದೇ ಓದಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ: ಅಣೆಕಟ್ಟು ಹದಿನಾಲ್ಕನೆಯ ಶತಮಾನದ್ದು, ಅಲಮೇಲಮ್ಮನ ಸಾವು ಹದಿನೇಳನೆಯದರದು. ನಡುವೆ ಎರಡು ಶತಮಾನಗಳಿಗೂ ಹೆಚ್ಚಿನ ಅಂತರ. ಮರಳನ್ನು ಕರೆದ ಕೈ ಅವಳು ಹುಟ್ಟುವ ಎಷ್ಟೋ ಮೊದಲೇ ಕೆಲಸಕ್ಕೆ ಇಳಿದಿತ್ತು. ಗದ್ದೆಗೆ ನೀರು ಕೊಡುವ ಒಳ್ಳೆಯ ಉದ್ದೇಶದಿಂದಲೇ ಇಳಿದಿತ್ತು ಎಂಬುದು ಇದರಲ್ಲಿನ ದುಃಖ. ಮುಂದೆ ಸರ್ವೆ ಮುಂತಾದ ಮರಗಳ ತೋಪುಗಳನ್ನು ಬೆಳೆಸಿದ ಮೇಲೆ ಮರಳಿನ ಓಟ ತಗ್ಗಿತು. ಮರದ ಬೇರಿಗೆ ನಿಲ್ಲುವ ಶಾಪ ಯಾವುದು?

ಉಳಿದದ್ದು ಮೂರನೆಯ ಶಾಪ. ಮೈಸೂರು ಮನೆತನದಲ್ಲಿ ದತ್ತು ಸ್ವೀಕಾರ ಮತ್ತೆ ಮತ್ತೆ ನಡೆದದ್ದು ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡರು. ನಾಲ್ವಡಿಯವರ ನಂತರ 1940ರಲ್ಲಿ ತಮ್ಮನ ಮಗ ಪಟ್ಟಕ್ಕೆ ಬಂದರು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ಸಂತಾನವಿಲ್ಲದೆ ತೀರಿಕೊಂಡು, 2015ರಲ್ಲಿ ಯದುವೀರರು ದತ್ತಕರಾಗಿ ಬಂದರು. ಆದರೆ ದತ್ತಕರಾದ ಚಾಮರಾಜೇಂದ್ರ ಒಡೆಯರಿಗೆ ಗಂಡುಮಕ್ಕಳಿದ್ದರು, ಜಯಚಾಮರಾಜೇಂದ್ರರಿಗೆ ಮಗನಿದ್ದರು, ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದ. ಶಾಪಕ್ಕೆ ಒಗ್ಗದ ಸಂಗತಿಗಳನ್ನು ನಾವು ಎಣಿಸುವುದಿಲ್ಲ, ಒಗ್ಗುವುದನ್ನಷ್ಟೇ ಎಣಿಸುತ್ತೇವೆ. ಇಷ್ಟಕ್ಕೂ ಗಂಡುಸಂತಾನವಿಲ್ಲದ ಅರಮನೆ ಮೈಸೂರೊಂದೇ ಅಲ್ಲ. 1848ರಲ್ಲಿ ಸಾತಾರವನ್ನೂ ಆಮೇಲೆ ಝಾನ್ಸಿ, ನಾಗಪುರಗಳನ್ನೂ ಡಾಲ್‌ಹೌಸಿ ನುಂಗಿದ್ದು ಇದೇ ನೆಪದಿಂದ. ಅವರಿಗೆ ಯಾವ ಅಲಮೇಲಮ್ಮ ಶಾಪ ಕೊಟ್ಟಿದ್ದಳು?

ಇಷ್ಟು ಹೇಳಿ ಮುಗಿಸಿದಾಗ ನನಗೆ ಒಂದು ಬಗೆಯ ಹೆಮ್ಮೆಯೇ ಆಗಿತ್ತು. ಮರಳಿಗೆ ಕಾರಣ ಸಿಕ್ಕಿತು, ಮಡುವಿಗೆ ಸಿಕ್ಕಿತು, ದತ್ತಿಗೂ ಸಿಕ್ಕಿತು. ಪ್ರಕರಣ ಇತ್ಯರ್ಥವಾಯಿತು ಎಂದುಕೊಂಡೆ. ಮೊಮ್ಮಗ ಮಾತ್ರ ತೃಪ್ತನಾಗಲಿಲ್ಲ. "ತಾತ, ನೀನು ಮರಳಿನ ವಿಷಯ ಕಂಡುಹಿಡಿದೆ. ಅವಳು ಸತ್ತದ್ದು ಯಾಕೆ ಅಂತ ಹೇಳಲೇ ಇಲ್ಲ" ಎಂದ.

ಮಿತ್ರರೆ, ನಾನು ಮೂರನೆಯ ಪ್ರಶ್ನೆಯನ್ನೇ ಕೇಳಿರಲಿಲ್ಲ. ಲಾಭವಾದದ್ದು ಯಾರಿಗೆ? ಇದಕ್ಕೆ ಉತ್ತರ ಹುಡುಕಲು ಮರಳು ಅಗೆಯಬೇಕಾಗಿಲ್ಲ. ರಾಜ್ಯ ಕಳೆದುಕೊಂಡ, ಗಂಡನನ್ನು ಕಳೆದುಕೊಂಡ ಅಥವಾ ಕಳೆದುಕೊಳ್ಳಲಿದ್ದ ಒಬ್ಬ ಹೆಣ್ಣಿನ ಕೈಯಲ್ಲಿ ಉಳಿದಿದ್ದದ್ದು ಒಡವೆ. ಅದನ್ನು ಬಯಸಿದವರು ಗೆದ್ದವರು. ಅವಳನ್ನು ಯಾರೂ ನೀರಿಗೆ ತಳ್ಳಲಿಲ್ಲ, ಆದ್ದರಿಂದ ಇದು ಕೊಲೆಯಲ್ಲ ಎಂದು ವಾದಿಸಬಹುದು. ಆದರೆ ಸಾಯದೆ ಬೇರೆ ದಾರಿಯಿಲ್ಲದಂತೆ ಒಬ್ಬರನ್ನು ಅಟ್ಟುವುದೂ ಅಪರಾಧವೆಂದು ಇಂದಿನ ದಂಡಸಂಹಿತೆಯೇ ಹೇಳುತ್ತದೆ. ನಾವು ಈ ಕಥೆಯನ್ನು ಹೇಳಿಕೊಂಡು ಬಂದ ರೀತಿಯನ್ನು ಗಮನಿಸಿ. ಊರನ್ನು ಹೂಳಿದವಳು ಅವಳು, ಹೊಳೆಯನ್ನು ಮಡುವಾಗಿಸಿದವಳು ಅವಳು, ಅರಸುಮಕ್ಕಳ ತೊಟ್ಟಿಲನ್ನು ಬರಿದಾಗಿಸಿದವಳೂ ಅವಳೇ. ಸತ್ತವಳೇ ಆರೋಪಿಯಾದಳು, ಬೆನ್ನಟ್ಟಿದವರು ಕಥೆಯ ಅಂಚಿಗೆ ಸರಿದರು. ಶಾಪ ಸುಳ್ಳೆಂದು ತೋರಿಸಿ ಬೀಗುವ ನನ್ನಂಥವರು ಅವಳ ಸಾವನ್ನೂ ಅದರ ಜೊತೆಗೇ ಗುಡಿಸಿಬಿಡುತ್ತೇವೆ.

ಜನಮನ ಮಾತ್ರ ಅದನ್ನು ಗುಡಿಸಲಿಲ್ಲ. ಬಡವರಿಗೆ ನ್ಯಾಯಸ್ಥಾನವಿಲ್ಲದ ಕಾಲದಲ್ಲಿ ಶಾಪವೇ ಅವರ ಆಪಾದನಾಪತ್ರ. ಅರಸನನ್ನು ನೇರವಾಗಿ ದೂರಲಾರದವರು ಮರಳಿನ ಕಡೆ ಕೈ ತೋರಿಸಿ ದೂರಿದರು. ಅರಮನೆಯೂ ಅದನ್ನು ಅಲ್ಲಗಳೆಯದೆ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆ ಸಲ್ಲಿಸುತ್ತ ಬಂದಿದೆ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ್ದೂ 1610ರಲ್ಲಿಯೇ ಎಂಬುದನ್ನು ನೆನೆದಾಗ, ಒಂದೇ ವರ್ಷದ ಆ ಉತ್ಸವವೂ ಈ ಅಳಲೂ ಒಟ್ಟಿಗೆ ನಡೆದುಬಂದಿರುವುದು ಮನಸ್ಸನ್ನು ಕಲಕುತ್ತದೆ.

ಮರುದಿನ ಸಂಜೆ ಮೊಮ್ಮಗನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದೆ. ಆಚೆಯ ದಡದಲ್ಲಿ ಮಾಲಂಗಿ. ರಜೆಗೆ ಬಂದ ಜನ ತೆಪ್ಪದಲ್ಲಿ ಕುಳಿತು ನಗುತ್ತಿದ್ದರು, ಮರಳಿನಲ್ಲಿ ಮಕ್ಕಳು ಗುಡಿ ಕಟ್ಟುತ್ತಿದ್ದರು. ಅವನು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, "ಎಲ್ಲಿಂದ ಹಾರಿದಳು ತಾತ?" ಎಂದ. ಜಾಗ ಗೊತ್ತಿಲ್ಲ ಮಗು ಎಂದೆ. ಅವನು ಚಪ್ಪಲಿ ಕಳಚಿಟ್ಟು ನೀರಿನಂಚಿಗೆ ಹೋಗಿ ನಿಂತ. ನಾನೂ ಹೋಗಿ ಪಕ್ಕದಲ್ಲಿ ನಿಂತೆ.