ಅಡಿಗಿ ಕಟ್ಟಿ: ಅಸಲಿ ಕಲ್ಲು, ನಕಲಿ ಕಲ್ಲು

ರೋಣ, ನರಗುಂದ, ಗಜೇಂದ್ರಗಡದ ಇತಿಹಾಸ ಅಂದರೆ ಇದುವರೆಗೆ ಕಲ್ಲಿನ ಇತಿಹಾಸವೇ. ನರಗುಂದದ ಗುಡ್ಡದ ಕೋಟೆ ಮತ್ತು 1858ರ ಬಾಬಾಸಾಹೇಬನ ಬಂಡಾಯ, ಗಜೇಂದ್ರಗಡದ ಘೋರ್ಪಡೆಗಳ ಕೋಟೆ, 1060ರಲ್ಲಿ ನಾಗದೇವ ಸೂಡಿಯಲ್ಲಿ ಕಟ್ಟಿಸಿದ ಜೋಡು ಕಳಸದ ಗುಡಿ. ಕಟ್ಟಿಸಿದವನ ಹೆಸರು ಉಳಿಯಿತು, ಕಲ್ಲು ಹೊತ್ತವನ ಹೆಸರು ಉಳಿಯಲಿಲ್ಲ ಎಂಬ ಮಾತನ್ನು ಇಂಥ ಪುಟಗಳಲ್ಲಿ ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಮಾತು ನಿಜವೇ. ಆದರೆ ಗುಡಿ ಮುಂದೆ ನಿಂತು ಅದನ್ನೇ ಹೇಳುತ್ತ ಹೋದರೆ ಕೊನೆಗೆ ಗುಡಿಯೇ ದೊಡ್ಡದಾಗುತ್ತದೆ. ಈ ಸಲ ಗುಡಿ ಬಿಟ್ಟು ಅಡಿಗಿಮನಿಗೆ ಹೋಗೋಣ. ಗ್ಯಾಸಿನ ಒಲಿ ಇಡುವ ಕಟ್ಟಿಯ ಮೇಲೆ ಕಲ್ಲು ಹಾಸಬೇಕೋ ಸನ್‌ಮೈಕಾ ಅಂಟಿಸಬೇಕೋ ಎಂಬ ಜಗಳ ಹೊಸ ಮನಿ ಕಟ್ಟಿಸುವವರ ನಡುವೆ ನಡೆಯುತ್ತಲೇ ಇರುತ್ತದೆ. ಆ ಜಗಳಕ್ಕೆ ಕಲ್ಲೊಡೆಯುವವರನ್ನು ಮಾತ್ರ ಯಾರೂ ಕರೆಯುವುದಿಲ್ಲ.

ಮೊದಲು ಕಟ್ಟಿಯೇ ಇರಲಿಲ್ಲ. ರೋಣ, ನರಗುಂದದ ಕಡೆಗೆ ಎರಿ ಭೂಮಿ. ಹೊಲದಾಗ ಹಕ್ಕಿ ಹೊಡಿಯಾಕ ಒಂದು ಕಲ್ಲು ಸಿಗೂದಿಲ್ಲ. ಮಣ್ಣಿನ ಗೋಡೆ, ಮೇಲೆ ಮೇಲ್ಮುದ್ದಿ, ನೆಲಕ್ಕೆ ಸಗಣಿ ಸಾರಣೆ, ನೆಲದ ಮೇಲೆ ಮಣ್ಣಿನ ಒಲಿ. ಹೆಣ್ಣುಮಗಳು ಕುಂತೇ ಊದಬೇಕು, ಕುಂತೇ ರೊಟ್ಟಿ ಬಡಿಯಬೇಕು. ಗುಡ್ಡದ ಸೆರಗಿನ ಗಜೇಂದ್ರಗಡಕ್ಕೆ ಮಾತ್ರ ಕಲ್ಲಿನ ಬರ ಇರಲಿಲ್ಲ. ಆದರೂ ಎರಿ ನಾಡಿನ ಒಳಮನಿಯಲ್ಲಿ ಕೂಡ ಮೂರು ಕಲ್ಲು ಇದ್ದೇ ಇರುತ್ತಿದ್ದವು: ಬೀಸುವ ಕಲ್ಲು, ಒಳ್ಳು, ಖಾರ ಅರೆಯುವ ಕಲ್ಲು. ಇವನ್ನು ಮಾಡಿಕೊಟ್ಟವರು ವಡ್ಡರು; ಸೊನ್ನಲಿಗೆಯ ಸಿದ್ಧರಾಮನನ್ನು ಗುರು ಎನ್ನುವ, ಸರ್ಕಾರದ ಪರಿಶಿಷ್ಟ ಪಟ್ಟಿಯಲ್ಲಿ ಭೋವಿ ಎಂದು ಬರೆಸಿಕೊಂಡ ಜನ. ಕಲ್ಲು ವಡ್ಡರು ಬಂಡೆ ಸೀಳಿದರು, ಮಣ್ಣು ವಡ್ಡರು ಕೆರೆ ಬಾವಿ ತೋಡಿದರು. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಜೋಳ ನುರಿಯುವುದಿಲ್ಲ. ಆಗ ವಡ್ಡರ ಹೆಣ್ಣುಮಗಳು ಉಳಿ ಸುತ್ತಿಗೆ ಹಿಡಿದು, ಬೆನ್ನಿಗೆ ಕೂಸು ಕಟ್ಟಿಕೊಂಡು ಓಣಿ ಓಣಿ ಕೂಗುತ್ತ ಬರುತ್ತಿದ್ದಳು. ಮನೆಯವರು ಕಲ್ಲನ್ನು ಅಂಗಳಕ್ಕೆ ಉರುಳಿಸಿ ತರುತ್ತಿದ್ದರು. ಅವಳು ಅಲ್ಲೇ ಕುಂತು ಉಳಿಪೆಟ್ಟು ಹಾಕಿ ಕಲ್ಲಿಗೆ ಹಲ್ಲು ತರುತ್ತಿದ್ದಳು. ಕೂಲಿ ಒಂದು ಸೇರೋ ಅರ್ಧ ಸೇರೋ ಕಾಳು. ವಡ್ಡರನ್ನು ಹೊಲೆಯ ಮಾದಿಗರಷ್ಟು ದೂರ ಇಟ್ಟಿರಲಿಲ್ಲ ಎಂಬುದು ಖರೆ. ಆದರೆ ಅಡಿಗಿಮನಿಯ ಹೊಸ್ತಿಲು ಅವರಿಗೂ ಹೊಸ್ತಿಲೇ. ಕಲ್ಲು ಒಳಗ, ಕಲ್ಲು ಕಟದಾಕಿ ಹೊರಗ.

ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲನ್ನು ಮೂಲೆಗೆ ತಳ್ಳಿತು. ಹೆಣ್ಣುಮಕ್ಕಳ ರಟ್ಟೆ ಉಳಿಯಿತು, ವಡ್ಡರ ಹೆಣ್ಣುಮಗಳ ಕೂಲಿ ಹೋಯಿತು. ಆಮೇಲೆ ಸೀಮೆಎಣ್ಣೆ ಸ್ಟವ್ ಬಂತು, ಗ್ಯಾಸ್ ಬಂತು, ಉಳ್ಳವರ ಮನೆಗಳಲ್ಲಿ ನಿಂತು ಅಡಿಗೆ ಮಾಡುವ ಕಟ್ಟಿ ಎದ್ದಿತು. ಇದು ಒಂದೇ ದಿನದಲ್ಲಿ ಆದದ್ದಲ್ಲ, ಎಲ್ಲರಿಗೂ ಆದದ್ದೂ ಅಲ್ಲ. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ನರಗುಂದದ ಎರಿ ಹೊಲಕ್ಕೆ ಬಂತು. ನೀರಿಗಿಂತ ಮುಂಚೆ ಬೆಟರ್‌ಮೆಂಟ್ ಲೆವಿಯ ನೋಟೀಸು ಬಂತು. 1980ರ ಜುಲೈ 21ರಂದು ರೈತರು ಸಿಡಿದೆದ್ದು, ಗೋಲಿಬಾರ್ ಆಗಿ, ರಾಜ್ಯದ ರೈತ ಚಳವಳಿಯೇ ಅಲ್ಲಿಂದ ಹೊಸದಾಗಿ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಮುಂದೆ ನೀರು ಹತ್ತಿದ ಹೊಲದವರು ಮನಿ ಕಟ್ಟಿಸಿದರು, ಕಟ್ಟಿ ಹಾಕಿಸಿದರು. ಹೊಲವೇ ಇಲ್ಲದ ಕೇರಿಗೆ ಲೆವಿಯೂ ಬರಲಿಲ್ಲ, ಕಟ್ಟಿಯೂ ಬರಲಿಲ್ಲ. ಕೇರಿಗೆ ಬಂದದ್ದು ಜನತಾ ಮನಿ: ಒಂದೇ ಕೋಣೆ, ಅದರ ಒಂದು ಮೂಲೆ ಅಡಿಗಿಮನಿ. ಅಲ್ಲಿ ಎರಡು ಕಡೆ ಇಟ್ಟಂಗಿ ಪೇರಿಸಿ ಮೇಲೆ ಒಂದು ಶಹಾಬಾದ ಫರಸಿ ಹಾಸಿದರೆ ಅದೇ ಕಟ್ಟಿ. ಉಜ್ವಲಾ ಯೋಜನೆಯ ಗ್ಯಾಸು 2016ರ ನಂತರ ಬಂದಾಗ ಎಷ್ಟೋ ಮನೆಗಳಲ್ಲಿ ಒಲಿ ಇಡಲು ಆ ಫರಸಿಯಾದರೂ ಇರಲಿಲ್ಲ. ಗ್ಯಾಸಿನ ಒಲಿ ನೆಲದ ಮೇಲೆ ಕುಂತಿತು, ಹೆಣ್ಣುಮಗಳೂ ಕುಂತಳು.

ಈಗ ಹಾಸಿನ ಗುಣ ನೋಡೋಣ. ಕಲಬುರಗಿ ಸೀಮೆಯ ಶಹಾಬಾದ ಫರಸಿ, ಆಂಧ್ರದ ಕರೀ ಕಡಪಾ ಕಲ್ಲು, ಎರಡೂ ಸುಣ್ಣದ ಕಲ್ಲಿನ ಜಾತಿ. ಅಗ್ಗ, ಗಟ್ಟಿ, ಕಾದ ಹಂಚು ಇಳಿಸಿದರೂ ಬೇಸರವಿಲ್ಲ. ಆದರೆ ಹುಣಸಿ ಹುಳಿಯೋ ನಿಂಬೆ ರಸವೋ ಬಿದ್ದರೆ ಹೊಳಪು ತಿಂದು ಬಿಳೀ ಕಲೆ ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಈ ರೋಗವಿಲ್ಲ. ಬೆಲೆಯೇ ಅದರ ರೋಗ. ಸನ್‌ಮೈಕಾಕ್ಕೆ ಹುಳಿ ತಾಗುವುದಿಲ್ಲ, ಎಣ್ಣೆ ಇಳಿಯುವುದಿಲ್ಲ, ಒದ್ದೆ ಅರಿವಿಯಿಂದ ಒಂದು ಸಲ ಒರೆಸಿದರೆ ಸ್ವಚ್ಛ. ಬಣ್ಣ ಬೇಕಾದ್ದು ಸಿಗುತ್ತದೆ. ದಿನಕ್ಕೆ ಮೂರು ಸಲ ತಿಕ್ಕುವವಳ ಕೈಗೆ ಇದು ಸಣ್ಣ ಮಾತಲ್ಲ. ಆದರೆ ಕಾದ ಹಂಚು ಇಟ್ಟರೆ ಬೊಕ್ಕೆ ಏಳುತ್ತದೆ, ಅಂಚಿನಲ್ಲಿ ನೀರು ಇಳಿದರೆ ಕೆಳಗಿನ ಪ್ಲೈವುಡ್ ಉಬ್ಬುತ್ತದೆ. ಇನ್ನು ಜೋಳದ ರೊಟ್ಟಿ! ಹಗುರ ಹಲಗೆಯ ಕಟ್ಟಿಯ ಮೇಲೆ ಬಡಿಯುತ್ತ ಹೋದರೆ ಬದಿಯ ಡಬ್ಬಿಗಳೆಲ್ಲ ಕುಣಿಯುತ್ತವೆ. ಚಪಾತಿ ಲಟ್ಟಿಸುವ ನಾಡಿನವರು ಮಾಡಿದ ಹಾಸು ಅದು, ಜೋಳ ಬಡಿಯುವ ನಾಡಿಗೆ ಒಪ್ಪಬೇಕೆಂಬ ನಿಯಮವಿಲ್ಲ.

ಈ ಹಾಸಿನ ಹುಟ್ಟೂ ಅಡಿಗಿಮನಿಯಲ್ಲಿ ಅಲ್ಲ. 1907ರಲ್ಲಿ ಅಮೆರಿಕದಲ್ಲಿ ಬೇಕಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿಸಿ ಬೇಕಲೈಟ್ ಎಂಬ ರಾಳ ಮಾಡಿದ. ವಿದ್ಯುತ್ ಯಂತ್ರಗಳಿಗೆ ನಿರೋಧಕವಾಗಿ ಬಳಸುತ್ತಿದ್ದ ಅಭ್ರಕ, ಅಂದರೆ ನಮ್ಮ ಜನ ಕಾಗೆಬಂಗಾರ ಅನ್ನುವ ವಸ್ತು, ದುಬಾರಿಯಾಗಿತ್ತು. ಓ'ಕಾನರ್ ಮತ್ತು ಫೇಬರ್ ಎಂಬಿಬ್ಬರು ಈ ರಾಳವನ್ನು ಪದರುಗಳಿಗೆ ಉಣಿಸಿ ಒತ್ತಿ ಅದರ ಬದಲಿ ಮಾಡಿದರು. 1913ರಲ್ಲಿ ಸಿನ್ಸಿನಾಟಿಯಲ್ಲಿ ಕಂಪನಿ ತೆಗೆದರು. ಮೈಕಾದ ಬದಲಿಗೆ ಬಂದದ್ದು, ಆದ್ದರಿಂದ ಫಾರ್ಮೈಕಾ. ಆಗ ಜಗತ್ತಿಗೆ ಹಾಳೆ ಅಭ್ರಕವನ್ನು ಹೆಚ್ಚಾಗಿ ಕೊಡುತ್ತಿದ್ದದ್ದು ಭಾರತವೇ. ಕೊಡರ್ಮಾದ ಗಣಿಯಲ್ಲಿ ಹೆಂಗಸರು ಮಕ್ಕಳು ಅದನ್ನು ಆಯ್ದು ಸೀಳುತ್ತಿದ್ದರು. ಮುಂದೆ 1930ರ ದಶಕದ ಕೊನೆಗೆ ಮೆಲಮೈನ್ ರಾಳ ಸೇರಿತು: ಕೆಳಗೆ ಕಂದು ಕಾಗದದ ಹಲವು ಪದರು, ಮೇಲೆ ಚಿತ್ರ ಅಚ್ಚಾದ ಒಂದು ಕಾಗದ, ಎಲ್ಲಕ್ಕೂ ರಾಳ ಕುಡಿಸಿ ಕಾವಿನಲ್ಲಿ ಒತ್ತಿದರೆ ಹಾಳೆ ಸಿದ್ಧ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಯುರೋಪಿನ ಅಡಿಗಿಮನಿಗಳೆಲ್ಲ ಇದೇ ಆದವು. ನಮ್ಮಲ್ಲಿ ಎಂಟಡಿಗೆ ನಾಲ್ಕಡಿ ಹಾಳೆಯಾಗಿ, ಸನ್‌ಮೈಕಾ ಎಂಬ ಒಂದು ಮಾರ್ಕಿನ ಹೆಸರೇ ಎಲ್ಲ ಮಾರ್ಕಿಗೂ ಹೆಸರಾಗಿ ನಿಂತಿತು.

ನಮ್ಮ ತಾಲೂಕುಗಳಲ್ಲಿ ಬಹುಮಂದಿ ಅದನ್ನು ಮೊದಲು ಮುಟ್ಟಿದ್ದು ಮನೆಯಲ್ಲಲ್ಲ, ಹೋಟೆಲಿನ ಟೇಬಲ್ಲಿನಲ್ಲಿ. ಒರೆಸಿದರೆ ಹೋಗುವ ಹಾಸು! ಮಡಿವಂತರ ಲೆಕ್ಕದಲ್ಲಿ ಮಣ್ಣಿಗೆ ಮೈಲಿಗೆ ಹತ್ತಿದರೆ ಬಿಡುವುದಿಲ್ಲ, ಕಂಚು ತಾಮ್ರಕ್ಕೆ ಹತ್ತಿದರೆ ತೊಳೆದರೆ ಹೋಗುತ್ತದೆ. ಹಾಗಾದರೆ ಸನ್‌ಮೈಕಾದ ಮೇಲಿಂದ ಇನ್ನೂ ಬೇಗ ಹೋಗಬೇಕಲ್ಲ? ಹೋಗಲಿಲ್ಲ. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲೇ ಬಂದಿತ್ತು, 1976ರಲ್ಲಿ ಹೆಸರು ಬದಲಿಸಿ ಬಿಗಿಯಾಯಿತು. ಆದರೂ ಹಳ್ಳಿ ಹೋಟೆಲಿನ ಹೊಸ ಟೇಬಲ್ ಒಳಗೆ ಹೊಳೆಯುತ್ತಿತ್ತು, ನಮ್ಮವರ ಲೋಟ ಹೊರಗೆ ತಟ್ಟಿಗೆ ಸಿಕ್ಕಿಸಿಯೇ ಇತ್ತು. ಹಾಸು ಬದಲಾದರೆ ಸಾಲದು ಎಂಬುದನ್ನು ನಮಗೆ ಕಲಿಸಿದ್ದು ಆ ಟೇಬಲ್ಲೇ.

ಹಾಗಂತ ನಾವು ಕಲ್ಲಿನ ಭಜನೆಗೆ ಕೂರುವವರಲ್ಲ. 'ಅದೇನ್ರೀ, ಕಾಗದ! ಕಲ್ಲಿನ ಚಿತ್ರ ಅಂಟಿಸ್ಯಾರ. ಅಸಲಿ ಅಂದ್ರ ಅಸಲಿ' ಎಂದು ಮೂಗು ಮುರಿಯುವವರ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಅಸಲು, ನಕಲು, ಹುಟ್ಟು, ಮೂಲ. ಈ ಶಬ್ದಗಳನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ. ಕೂಲಿ ಮಾಡಿ ದುಡ್ಡು ಕೂಡಿಸಿದ ಹೆಣ್ಣುಮಗಳು ತನ್ನ ಎರಡು ಮೊಳದ ಹಲಗೆಗೆ ಹೂವಿನ ಚಿತ್ರದ ಹಾಳೆ ಅಂಟಿಸಿದರೆ ಅದು ಮೋಸಹೋದ ಲಕ್ಷಣವಲ್ಲ. ಅವಳಿಗೆ ಬೇಕಾದದ್ದು ಬಣ್ಣ ಮತ್ತು ಬಿಡುವು. ಎರಡೂ ಆ ಹಾಳೆಯಲ್ಲಿವೆ. ಕಲ್ಲಿನ ಘನತೆ ಹೊಗಳುವವರು ಬಹುಮಟ್ಟಿಗೆ ಕಲ್ಲು ಹೊರದವರು.

ಹೊತ್ತವರ, ಕೊಯ್ದವರ ಎದೆಯೊಳಗೆ ಏನಿದೆ? ಗ್ರಾನೈಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಸ್ಫಟಿಕ ರೂಪದ ಸಿಲಿಕಾ. ಸುಣ್ಣದ ಕಲ್ಲಿನಲ್ಲಿ ಅದು ಬಹಳ ಕಡಿಮೆ. ಕಲ್ಲನ್ನು ಒಣಗಿದ್ದಂತೆಯೇ ಕೊಯ್ದರೆ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣವೇ ಹೆಚ್ಚು ಕೇಡಿನದು. ಅದು ಪುಪ್ಪುಸದ ತಳಕ್ಕೆ ಇಳಿದು ಅಲ್ಲೇ ಗಾಯದ ಗಂಟಾಗುತ್ತದೆ. ಅದೇ ಸಿಲಿಕೋಸಿಸ್. ಗುಣವಾಗುವ ರೋಗವಲ್ಲ. ಕೆಮ್ಮು, ದಮ್ಮು ನೋಡಿ ಟಿ.ಬಿ. ಎಂದು ಗುಳಿಗೆ ಕೊಟ್ಟು ಕಳಿಸುವುದೂ ಉಂಟು. ಸಿಲಿಕಾ ತುಂಬಿದ ಎದೆಗೆ ಟಿ.ಬಿ. ಕೂಡ ಬೇಗ ಹತ್ತುವುದರಿಂದ ಎರಡೂ ಕಲಸಿಹೋಗುತ್ತವೆ. 1948ರ ಫ್ಯಾಕ್ಟರಿ ಕಾಯ್ದೆ ಸಿಲಿಕೋಸಿಸ್ಸನ್ನು ವರದಿ ಮಾಡಲೇಬೇಕಾದ ರೋಗವೆಂದು ಪಟ್ಟಿಗೆ ಹಾಕಿತ್ತು. ಆದರೆ ಹತ್ತು ಮಂದಿಗಿಂತ ಕಡಿಮೆ ಇದ್ದ ಶೆಡ್ಡಿಗೆ ಆ ಕಾಯ್ದೆ ಸಾಮಾನ್ಯವಾಗಿ ತಾಗುತ್ತಲೇ ಇರಲಿಲ್ಲ. ರಾಜಸ್ಥಾನ 2019ರಲ್ಲಿ ಈ ಧೂಳುರೋಗಕ್ಕೇ ಒಂದು ನೀತಿ ಮಾಡಿತು: ರೋಗ ಇದೆಯೆಂದು ಪ್ರಮಾಣಪತ್ರ ಸಿಕ್ಕವನಿಗೆ 3 ಲಕ್ಷ, ಸತ್ತರೆ ಮನೆಯವರಿಗೆ ಮತ್ತೆ 2 ಲಕ್ಷ. ಆ ನೀತಿಯ ಕಾಗದವನ್ನು ನಮ್ಮ ಸಂಘಟನೆಗಳು ತರಿಸಿ ಓದಬೇಕು.

ಶ್ರೀಮಂತರ ಕಟ್ಟಿಗೆ ಈಗ ಕ್ವಾರ್ಟ್ಸ್ ಬಂದಿದೆ: ಕಲ್ಲು ಪುಡಿಮಾಡಿ ರಾಳದಲ್ಲಿ ಕಲಸಿ ಎರಕ ಹೊಯ್ದ ಹಾಸು. ಅದರಲ್ಲಿ ಸಿಲಿಕಾ ನೂರಕ್ಕೆ ತೊಂಬತ್ತನ್ನೂ ದಾಟಬಹುದು. ಅದನ್ನು ಕೊಯ್ದ ಆಸ್ಟ್ರೇಲಿಯಾದ ಎಳೇ ವಯಸ್ಸಿನ ಕೆಲಸಗಾರರ ಎದೆ ಕಲ್ಲಾದ ಮೇಲೆ, ಯೂನಿಯನ್ನುಗಳು ಪಟ್ಟುಹಿಡಿದ ಮೇಲೆ, ಆ ದೇಶ 2024ರ ಜುಲೈ 1ರಿಂದ ಅದರ ತಯಾರಿಕೆ, ಮಾರಾಟ, ಜೋಡಣೆಯನ್ನೇ ನಿಷೇಧಿಸಿತು. ಅಲ್ಲಿ ಸಿಲಿಕಾ ಇಲ್ಲದ ಲ್ಯಾಮಿನೇಟಿಗೆ ಮತ್ತೆ ಮಾನ ಬಂದಿದೆ. ಲ್ಯಾಮಿನೇಟೂ ಪಾಪಮುಕ್ತ ಅಲ್ಲ; ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ, ಅದನ್ನು ಉಸಿರಾಡುವವನೂ ಒಬ್ಬ ಕೂಲಿಯವನೇ. ಆದರೂ ಎರಡನ್ನೂ ತೂಗಿ ನೋಡಿದರೆ, ಕೆಲಸಗಾರನ ಉಸಿರಿನ ತಕ್ಕಡಿಯಲ್ಲಿ, ಫರಸಿಯೂ ಹಾಳೆಯೂ ಗ್ರಾನೈಟಿಗಿಂತ ಹಗುರ ಎಂದೇ ನಮ್ಮ ಎಣಿಕೆ.

ಗ್ರಾನೈಟೇ ಬೇಕೆಂಬುವರು ಹಾಕಿಸಲಿ, ತಡೆಯುವವರಾರು? ಅದಕ್ಕೂ ಉಪಾಯ ಇದೆ, ದೊಡ್ಡ ವಿಜ್ಞಾನವೇನಲ್ಲ: ಕೊಯ್ಯುವ ಗಾಲಿಯ ಮೇಲೆ ನೀರು ಬಿಟ್ಟರೆ ಧೂಳು ಏಳುವ ಬದಲು ಕೆಸರಾಗಿ ಇಳಿಯುತ್ತದೆ. ಅಂಗಡಿಯ ದೊಡ್ಡ ಯಂತ್ರದಲ್ಲಿ ನೀರು ಇರುತ್ತದೆ, ಯಾಕಂದರೆ ನೀರಿಲ್ಲದಿದ್ದರೆ ಗಾಲಿ ಸುಡುತ್ತದೆ. ಆದರೆ ಸಿಂಕಿನ ತೂತು ಕೊರೆಯುವುದು, ಅಂಚು ದುಂಡು ಮಾಡುವುದು ಬಹಳ ಸಲ ಮನೆಯ ಅಂಗಳದಲ್ಲಿ, ಕೈಮಷೀನಿನಿಂದ, ಒಣಗಿದ್ದಂತೆಯೇ, ಮುಖಕ್ಕೊಂದು ಟವಲ್ ಸುತ್ತಿಕೊಂಡು. ಒಳಗೆ ಹೊಸ ಅಡಿಗಿಮನಿಗೆ ಧೂಳು ಬರಬಾರದೆಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಬಿಲ್ಲಿನಲ್ಲಿ ಕಲ್ಲಿಗೆ ಚದರಡಿ ಲೆಕ್ಕ, ಅಂಚಿಗೆ ಉದ್ದದ ಅಡಿ ಲೆಕ್ಕ, ತೂತಿಗೆ ಬೇರೆ, ಟೆಂಪೋಕ್ಕೆ ಬೇರೆ. ನೀರಿನ ಕೊಳವೆಗೂ ಸರಿಯಾದ ಮಾಸ್ಕಿಗೂ ಅದರಲ್ಲಿ ಒಂದು ಸಾಲು ಇರುವುದಿಲ್ಲ.