ಗಾಳಿಯ ತೂಕ, ದೂಳಿನ ಲೆಕ್ಕ: ಸಿಂಧನೂರು–ಲಿಂಗಸುಗೂರು–ಮಸ್ಕಿ ಸೀಮೆಯಲ್ಲಿ ಕಾರಿನ ಏರ್ ಫ್ಲೋ ಸೆನ್ಸರ್

ಪೀಠಿಕೆ

‘ಗಾಡಿ ಎಳೀವಲ್ದು’ ಎಂಬ ದೂರಿನೊಂದಿಗೆ ಬಂದ ಡೀಸೆಲ್ ಕಾರಿಗೆ ಸ್ಕ್ಯಾನರ್ ಹಚ್ಚಿದಾಗ ಪಿ0101 ಎಂಬ ಸಂಕೇತ ಮೂಡಿತೆಂದರೆ, ಸಂಶಯ ಮೊದಲು ಬೀಳುವುದು ಏರ್ ಫಿಲ್ಟರ್ ಡಬ್ಬಿಯ ಪಕ್ಕದ ಪುಟ್ಟ ಸೆನ್ಸರಿನ ಮೇಲೆ. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ದ್ರವ್ಯರಾಶಿಯನ್ನು ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಅಳೆದು ಕಂಪ್ಯೂಟರಿಗೆ ತಿಳಿಸುವುದು ಇದರ ಕೆಲಸ. ಈ ಉಪಕರಣ ಬೆಳೆದುಬಂದ ಬಗೆ ಯಾವುದು? ಭತ್ತದ ಕಣಜವೆನಿಸಿದ ಈ ಸೀಮೆಯಲ್ಲಿ ಅದರ ಆಯುಷ್ಯವನ್ನು ನಿರ್ಧರಿಸುವುದು ಏನು? ಈ ಎರಡು ಪ್ರಶ್ನೆಗಳನ್ನು ಲೇಖನ ಪರಿಶೀಲಿಸುತ್ತದೆ. ಇಲ್ಲಿ ಸೆನ್ಸರಿನ ಆರೈಕೆ ಓಡಿದ ಕಿಲೋಮೀಟರಿಗಿಂತ ಹೆಚ್ಚಾಗಿ ಬೆಳೆಯ ಕಾಲವನ್ನು ಅನುಸರಿಸಬೇಕು; ಆ ತಿಳಿವಳಿಕೆ ಟ್ರ್ಯಾಕ್ಟರಿನ ಮೂಲಕ ಈ ಭಾಗದ ರೈತರಿಗೆ ಹಿಂದೆಯೇ ಇತ್ತು ಎಂಬುದು ಲೇಖನದ ವಾದ.

ಗಾಳಿಯನ್ನು ಅಳೆದವರು

ಗಾಳಿಯನ್ನು ಅಳೆಯುವ ವಿದ್ಯೆ ಕಾರಿಗಿಂತ ಹಳೆಯದು. ಆಳದ ಗಣಿಯಲ್ಲಿ ದುಡಿಯುವವರಿಗೆ ಉಸಿರಾಡಲು ಎಷ್ಟು ಗಾಳಿ ಸಿಗುತ್ತಿದೆ ಎಂಬುದನ್ನು ತಿಳಿಯಲೇಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯಂಥ ಚಿನ್ನದ ಗಣಿಯಲ್ಲಿ ಗಾಳಿಯ ಲೆಕ್ಕವೆಂದರೆ ಜೀವದ ಲೆಕ್ಕ. ಗಣಿಗಳಲ್ಲಿ ಬಳಸುವ ರೆಕ್ಕೆಚಕ್ರದ ಮಾಪಕ ಗಾಳಿಯ ವೇಗವನ್ನು ತೋರಿಸುತ್ತದೆ. ಅದನ್ನು ಸುರಂಗದ ಅಡ್ಡಳತೆಯ ವಿಸ್ತೀರ್ಣದಿಂದ ಗುಣಿಸಿದರೆ ಗಾಳಿಯ ಗಾತ್ರ ಸಿಗುತ್ತದೆ.

ಗಣಿಗೆ ಗಾತ್ರ ಸಾಕು, ಎಂಜಿನ್ನಿಗೆ ಸಾಲದು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂ ಇಂಧನಕ್ಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಇದು ತೂಕದ ಲೆಕ್ಕ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ: ಸಮುದ್ರಮಟ್ಟದ ಒತ್ತಡದಲ್ಲಿ, 15 ಡಿಗ್ರಿಯಲ್ಲಿ 1.225 ಕೆ.ಜಿ. ತೂಗುವ ಒಂದು ಘನ ಮೀಟರ್ ಗಾಳಿ 42 ಡಿಗ್ರಿಯಲ್ಲಿ ಸುಮಾರು 1.12 ಕೆ.ಜಿ. ಮಾತ್ರ ತೂಗುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಗಾತ್ರವನ್ನಷ್ಟೇ ನಂಬಿ ಇಂಧನ ಸುರಿದರೆ ನೂರಕ್ಕೆ ಎಂಟು–ಒಂಬತ್ತು ಪಾಲು ತಪ್ಪುತ್ತದೆ.

ತೂಕವನ್ನೇ ನೇರವಾಗಿ ಅಳೆಯುವ ದಾರಿಗೆ ಗಟ್ಟಿ ತಳಹದಿ ಹಾಕಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಯಿ ವೆಸ್ಸೊ ಕಿಂಗ್. ಕಾದ ಪ್ಲಾಟಿನಂ ತಂತಿಯಿಂದ ಬೀಸುಗಾಳಿ ಎಷ್ಟು ಶಾಖವನ್ನು ಕದ್ದೊಯ್ಯುತ್ತದೆ ಎಂಬುದಕ್ಕೆ ಅವರು 1914ರಲ್ಲಿ ಸೂತ್ರ ಕೊಟ್ಟರು. ಹೆಚ್ಚು ಗಾಳಿ ಹರಿದರೆ ತಂತಿ ಹೆಚ್ಚು ತಣಿಯುತ್ತದೆ. ಅದರ ಬಿಸಿಯನ್ನು ಕಾಯ್ದುಕೊಳ್ಳಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಆ ವಿದ್ಯುತ್ತೇ ಗಾಳಿಯ ಅಳತೆ. ಸಾಂದ್ರತೆಯೂ ವೇಗವೂ ಈ ಶಾಖನಷ್ಟದಲ್ಲಿ ಒಟ್ಟಿಗೆ ಅಡಗಿರುವುದರಿಂದ ಸಿಗುವ ಉತ್ತರ ದ್ರವ್ಯರಾಶಿಯದೇ.

ಕಾರ್ಬೊರೇಟರಿನಿಂದ ಬಿಸಿತಂತಿಗೆ

ಆದರೆ ಕಿಂಗ್ ಅವರ ಸೂತ್ರ ಸಾಮಾನ್ಯ ಕಾರಿಗೆ ಬರಲು ಆರೇಳು ದಶಕಗಳೇ ಬೇಕಾದವು. 1893ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ರೂಪಿಸಿದ ಸಿಂಪಡಿಕೆಯ ಕಾರ್ಬೊರೇಟರ್ ಗಾಳಿಯನ್ನು ಅಳೆಯುತ್ತಿರಲಿಲ್ಲ. ಗಾಳಿಯ ಸೆಳೆತವೇ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಹೊಗೆಯ ಕಾನೂನು ಬಿಗಿಯಾದಾಗ ಈ ಅಂದಾಜು ಸಾಲದೆ ಬಂತು. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಡಿ-ಜೆಟ್ರಾನಿಕ್ ತಂದಿತು. ಅದು ಒಳನಾಳದ ಒತ್ತಡವನ್ನು ನೋಡಿ ಗಾಳಿಯನ್ನು ಊಹಿಸುತ್ತಿತ್ತು. 1973ರ ಎಲ್-ಜೆಟ್ರಾನಿಕ್‌ನಲ್ಲಿ ಗಾಳಿ ತಳ್ಳುವ ಬಾಗಿಲೊಂದಿತ್ತು. ಅದು ಎಷ್ಟು ತೆರೆಯಿತೋ ಅದರ ಮೇಲೆ ಗಾತ್ರದ ಲೆಕ್ಕ. 1980ರ ದಶಕದ ಆರಂಭದ ಎಲ್‌ಎಚ್-ಜೆಟ್ರಾನಿಕ್ ಬಿಸಿತಂತಿಯನ್ನು ಕಾರಿನೊಳಗೆ ತಂದಿತು.

ದೂಳು ಈ ತಂತಿಯ ಶತ್ರು ಎಂಬುದು ಅದನ್ನು ರೂಪಿಸಿದವರಿಗೆ ಮೊದಲೇ ಗೊತ್ತಿತ್ತು. ಆದ್ದರಿಂದಲೇ ಎಂಜಿನ್ ಆರಿಸಿದ ಮೇಲೆ ತಂತಿಯನ್ನು ಕ್ಷಣಕಾಲ ಸುಮಾರು 1,000 ಡಿಗ್ರಿಗೆ ಕಾಯಿಸಿ, ಅಂಟಿದ ಕೊಳೆಯನ್ನು ಸುಡುವ ಏರ್ಪಾಟಿತ್ತು. 1990ರ ದಶಕದಲ್ಲಿ ತಂತಿಯ ಜಾಗಕ್ಕೆ ತೆಳುಪದರದ ಚಿಪ್ ಬಂತು, ಸುಡುವ ಏರ್ಪಾಟು ಹೋಯಿತು. ಈಗಿನ ಸೆನ್ಸರನ್ನು ಬಿಚ್ಚಿ ನೋಡಿದರೆ ಕಾಣುವುದು ಬೆರಳುದ್ದದ ಪ್ಲಾಸ್ಟಿಕ್ ತುಂಡು, ಅದರಲ್ಲೊಂದು ಕಿರಿದಾದ ಸೀಳು, ಸೀಳಿನೊಳಗೆ ಕಣ್ಣಿಟ್ಟು ನೋಡಬೇಕಾದ ಸೂಕ್ಷ್ಮ ಪದರ. ಬಹುತೇಕ ಇದೇ ತುಂಡಿನಲ್ಲಿ ಗಾಳಿಯ ಉಷ್ಣತೆ ನೋಡುವ ಸೆನ್ಸರೂ ಸೇರಿರುತ್ತದೆ.

ಕರ್ನಾಟಕಕ್ಕೆ ಬಂದ ಬಗೆ

ಬಾಷ್‌ನ ತಂತ್ರಜ್ಞಾನ ಕನ್ನಡನಾಡಿಗೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೊ, 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಮೈಕೊ ಡೀಸೆಲ್ ಪಂಪ್ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ಮನೆಮಾತಾಗಿತ್ತು. ಆ ಯಾಂತ್ರಿಕ ಪಂಪಿಗೆ ಏರ್ ಫ್ಲೋ ಸೆನ್ಸರಿನ ಅಗತ್ಯವಿರಲಿಲ್ಲ.

2000ದ ಹೊತ್ತಿಗೆ ಹೊಗೆಯ ಮಾನದಂಡಗಳು ಬಿಗಿಯಾಗಿ ಕಾರ್ಬೊರೇಟರ್ ಹಿಂದೆ ಸರಿಯಿತು. ಆಗಲೂ ಅನೇಕ ಸಣ್ಣ ಪೆಟ್ರೋಲ್ ಕಾರುಗಳು ಒತ್ತಡದ ಸೆನ್ಸರಿನಲ್ಲೇ ಕೆಲಸ ಸಾಗಿಸಿದವು. ಏರ್ ಫ್ಲೋ ಸೆನ್ಸರನ್ನು ನಮ್ಮ ಊರುಗಳಿಗೆ ವ್ಯಾಪಕವಾಗಿ ತಂದದ್ದು ಕಾಮನ್ ರೈಲ್ ಡೀಸೆಲ್ ಕಾರುಗಳು. 2007ರಲ್ಲಿ ಬಂದ ಸ್ವಿಫ್ಟ್ ಡೀಸೆಲ್‌ನ 1,248 ಸಿಸಿ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಡೀಸೆಲ್‌ನಲ್ಲಿ ಈ ಸೆನ್ಸರಿನ ಮುಖ್ಯ ಕೆಲಸ, ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವನ್ನು ಹದ್ದಿನಲ್ಲಿಡುವುದು. ಜೊತೆಗೆ, ಕರಿಹೊಗೆ ಏಳದಂತೆ ಇಂಧನಕ್ಕೆ ಮಿತಿ ಹಾಕುವುದು. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-4 ಹೊಗೆ ಮಾನದಂಡ, 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ವಯವಾದ ಮೇಲೆ ಇಂಥ ಅಳತೆಗಳಲ್ಲಿನ ಸಣ್ಣ ತಪ್ಪೂ ಚೆಕ್ ಲೈಟ್ ಆಗಿ ಕಾಣತೊಡಗಿತು.

ಭತ್ತದ ಸೀಮೆಯ ದೂಳು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಸಿಂಧನೂರಿನ ಎರೆ ಭೂಮಿ ಭತ್ತದ ಗದ್ದೆಯಾಯಿತು. ಕ್ಯಾಂಪುಗಳೆಂಬ ವಸತಿಗಳು ಎದ್ದವು, ಟ್ರ್ಯಾಕ್ಟರುಗಳು ಬಂದವು, ಅಕ್ಕಿ ಗಿರಣಿಗಳು ಬೆಳೆದವು. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರಕ್ಕೆ ಪೋಣಿಸುತ್ತದೆ. ಕೊಯ್ಲಿನ ದಿನಗಳಲ್ಲಿ ಕಟಾವು ಯಂತ್ರದ ಹಿಂದೆ ಏಳುವ ಭತ್ತದ ಸುಂಕು, ಕಾಲುವೆ ದಂಡೆಯ ಒಣಮಣ್ಣು, ಗಿರಣಿಯ ಹೊಟ್ಟಿನ ಬೂದಿ ಎಲ್ಲವೂ ಸೇರಿ ಗಾಳಿಯನ್ನು ದಟ್ಟವಾಗಿಸುತ್ತವೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಶೇ. 85ಕ್ಕೂ ಮೇಲ್ಪಟ್ಟು ಸಿಲಿಕಾ ಇರುತ್ತದೆ. ಅದು ಕಾಯಿಸಿದರೂ ಸುಟ್ಟುಹೋಗುವ ವಸ್ತುವಲ್ಲ.

ಸ್ವಿಫ್ಟ್ ಡೀಸೆಲ್‌ನ ಆ 1,248 ಸಿಸಿ ಎಂಜಿನ್ 2,000 ಸುತ್ತಿನಲ್ಲಿ ಓಡುವಾಗ, ಟರ್ಬೊ ಲೆಕ್ಕ ಬಿಟ್ಟರೂ, ನಿಮಿಷಕ್ಕೆ ಸುಮಾರು 1,250 ಲೀಟರ್, ಗಂಟೆಗೆ 75,000 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ಅದರ ಅಂಚಿನಿಂದ ನುಸುಳಿದ ದೂಳು ನೇರ ಸೆನ್ಸರಿನ ಪದರದ ಮೇಲೆ ಕೂರುತ್ತದೆ. ಪದರಕ್ಕೆ ಕೊಳೆಯ ಹೊದಿಕೆ ಬಿದ್ದರೆ ಅದು ಸರಿಯಾಗಿ ತಣಿಯದು. ಜೋರು ಗಾಳಿಯಲ್ಲೂ ಕಡಿಮೆ ಗಾಳಿಯೆಂದೇ ಹೇಳುತ್ತದೆ. ಕಂಪ್ಯೂಟರ್ ಡೀಸೆಲ್ ಕಡಿತ ಮಾಡುತ್ತದೆ, ಪಿಕಪ್ ಬೀಳುತ್ತದೆ.

ಟ್ರ್ಯಾಕ್ಟರ್ ಕಲಿಸಿದ ಪಾಠ

ಹಳೆಯ ಟ್ರ್ಯಾಕ್ಟರುಗಳ ಏರ್ ಕ್ಲೀನರಿನ ತಳದಲ್ಲಿ ಆಯಿಲ್ ತುಂಬಿದ ಬಟ್ಟಲಿರುತ್ತಿತ್ತು. ರಾಶಿಯ ಕಾಲದಲ್ಲಿ ಆ ಆಯಿಲ್ ಕೆಸರಾದದ್ದನ್ನು ಕಂಡ ರೈತ, ಮೀಟರ್ ನೋಡದೆ, ದೂಳು ನೋಡಿ ಬದಲಿಸುತ್ತಿದ್ದ. ಕಾರಿಗೂ ಬೇಕಾದದ್ದು ಇದೇ ವಿವೇಕ. ಸರ್ವಿಸ್ ಪುಸ್ತಕಗಳೂ ದೂಳಿನ ದಾರಿಯಲ್ಲಿ ಫಿಲ್ಟರನ್ನು ಬೇಗ ನೋಡಬೇಕೆನ್ನುತ್ತವೆ. ಭತ್ತದ ಪ್ರತಿ ಕೊಯ್ಲು ಮುಗಿದೊಡನೆ ಫಿಲ್ಟರ್ ಡಬ್ಬಿ ತೆರೆದು ನೋಡುವುದು ಇಲ್ಲಿಗೆ ತಕ್ಕ ಪದ್ಧತಿ.

ಅದೇ ಟ್ರ್ಯಾಕ್ಟರಿನ ಇನ್ನೊಂದು ರೂಢಿ ಇಲ್ಲಿ ಹಾನಿಕರ. ಕಾಗದದ ಫಿಲ್ಟರಿಗೆ ಆಯಿಲ್ ಸವರಿದರೆ ಅದರ ಹನಿ ಸೆನ್ಸರಿಗೆ ಅಂಟಿ ದೂಳನ್ನು ಹಿಡಿದಿಡುತ್ತದೆ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟರೆ ಫಿಲ್ಟರಿನ ಕಾಗದ ಹರಿಯುತ್ತದೆ, ಸೆನ್ಸರಿನ ಪದರ ಒಡೆಯುತ್ತದೆ.

ಸೆನ್ಸರನ್ನು ಶಂಕಿಸುವ ಮುನ್ನ ಅದರ ಮುಂದಿನ ರಬ್ಬರ್ ಹೋಸ್, ಕ್ಲಾಂಪ್, ವೈರಿನ ಕನೆಕ್ಟರ್ ನೋಡಬೇಕು. ಬಿರುಕಿನಿಂದ ಒಳಹೋದ ಗಾಳಿ ಅಳತೆಗೇ ಸಿಗದೆ ಪೆಟ್ರೋಲ್ ಎಂಜಿನ್ನಿನ ಹದ ಕೆಡಿಸುತ್ತದೆ. ಟರ್ಬೊ ಡೀಸೆಲ್‌ನಲ್ಲಿ ಟರ್ಬೊ ಆಚೆಯ ಹೋಸ್ ಸೋರಿದರೆ, ಅಳೆದ ಗಾಳಿಯೇ ಎಂಜಿನ್ ಸೇರದೆ ಹೊರಬಿದ್ದು ಕರಿಹೊಗೆ ಏಳುತ್ತದೆ. ಸ್ಕ್ಯಾನರಿನಲ್ಲಿ ಐಡ್ಲಿಂಗ್ ಮತ್ತು ರೇಸ್ ಎರಡರ ಗ್ರಾಂ ಲೆಕ್ಕವನ್ನೂ ಅದೇ ಮಾದರಿಯ ಸುಸ್ಥಿತಿಯ ಕಾರಿನೊಂದಿಗೆ ಹೋಲಿಸಬೇಕು. ತೊಳೆಯುವುದಾದರೆ ಇಗ್ನಿಷನ್ ಆರಿಸಿ, ಸೆನ್ಸರ್ ಬಿಚ್ಚಿ, ಈ ಕೆಲಸಕ್ಕೆಂದೇ ಇರುವ ಸ್ಪ್ರೇ ಹೊಡೆದು, ಪೂರ್ತಿ ಆರಿದ ಮೇಲೆ ಕೂರಿಸಬೇಕು. ಕಾರ್ಬೊರೇಟರ್ ಕ್ಲೀನರ್ ಸಲ್ಲದು. ಬಟ್ಟೆ, ಹತ್ತಿ, ಬೆರಳು ಯಾವುದೂ ಪದರಕ್ಕೆ ತಾಗಬಾರದು. ತೊಳೆದರೂ ಲೆಕ್ಕ ಸರಿಬಾರದಿದ್ದರೆ ಮಾತ್ರ ಹೊಸದು.

ಉಪಸಂಹಾರ

ಗಾತ್ರದಿಂದ ತೂಕಕ್ಕೆ ಸಾಗಿದ ಈ ಅಳತೆಯ ಚರಿತ್ರೆಯುದ್ದಕ್ಕೂ ದೂಳಿನೊಡನೆ ಹೋರಾಟವಿದೆ. ಸುಡುವ ಏರ್ಪಾಟು ಹೋದ ಮೇಲೆ ಸೆನ್ಸರನ್ನು ಕಾಯುವ ಹೊಣೆ ಬಹುಮಟ್ಟಿಗೆ ಫಿಲ್ಟರಿನದು, ಅಂದರೆ ಮಾಲೀಕ ಮತ್ತು ಮೇಸ್ತ್ರಿಯದು. ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸಿ, ಸಡಿಲ ಫಿಲ್ಟರನ್ನು ಹಾಗೇ ಬಿಟ್ಟರೆ ಅದೇ ದೂರು ಮತ್ತೆ ಬರುತ್ತದೆ. ಐಟಿಐಗಳಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗರಿಗೆ ಸ್ಕ್ಯಾನರಿನ ಸಂಕೇತಗಳ ಜೊತೆಗೆ ತಮ್ಮ ಸೀಮೆಯ ಬೆಳೆ, ಮಣ್ಣು, ದೂಳಿನ ಕಾಲವನ್ನೂ ಕಲಿಸಬೇಕು. ಪ್ರತಿ ಗ್ಯಾರೇಜು ಸುಗ್ಗಿಯ ಮುಂಚೆ ಮತ್ತು ನಂತರದ ಗ್ರಾಂ ಲೆಕ್ಕವನ್ನು ಬರೆದಿಟ್ಟರೆ, ಯಾವ ಕಾರಿಗೆ ಎಷ್ಟು ದಿನಕ್ಕೊಮ್ಮೆ ಆರೈಕೆ ಬೇಕೆಂಬುದನ್ನು ಈ ನೆಲದ ಅನುಭವದಿಂದಲೇ ಹೇಳಲು ಸಾಧ್ಯವಾಗುತ್ತದೆ.